ಪರ್ಸಿಯ ಮೇಲೆ ಬರೆದ ರಾಜಕುಮಾರಿ

ಕಥೆ ಕೇಳುವ ಮಗು ಕಣ್ಣು ಮುಚ್ಚಿಕೊಂಡರೂ ನಡೆಯುತ್ತದೆ. ಚಿತ್ರದ ಪುಸ್ತಕ ಹಿಡಿದ ಮಗುವಿಗೆ ಆ ಸ್ವಾತಂತ್ರ್ಯವಿಲ್ಲ. ಚಿತ್ರಕಾರನ ಹೊಣೆ ಇಲ್ಲಿಂದಲೇ ಶುರುವಾಗುತ್ತದೆ.

ಆಯಿ ಹೇಳುವ ಕಥೆಯ ರಾಜಕುಮಾರಿಗೆ ಮುಖವಿಲ್ಲ. ಆದ್ದರಿಂದ ಕೇಳುತ್ತ ಕೂತ ಎಲ್ಲ ಹುಡುಗಿಯರ ಮುಖವೂ ಅವಳಿಗೆ ಒಪ್ಪುತ್ತದೆ. ಪುಸ್ತಕ ಅವಳಿಗೊಂದು ಮುಖ ಕೊಟ್ಟ ಕೂಡಲೇ ಉಳಿದವರು ಕಥೆಯಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ.

ಬಿಳಿ ಮೈಬಣ್ಣ ಕಥೆಗೇ ಬೇಕಾಗಿರುವುದು ಸ್ನೋವೈಟ್ ಒಬ್ಬಳಲ್ಲಿ. ಸಿಂಡರೆಲ್ಲಾಗೆ ಬೇಕಿಲ್ಲ, ಕೆಂಪು ಟೊಪ್ಪಿಗೆಯ ಹುಡುಗಿಗೆ ಬೇಕಿಲ್ಲ, ನೂರು ವರ್ಷ ಮಲಗಿದವಳಿಗಂತೂ ಬೇಕೇ ಇಲ್ಲ. ಆದರೂ ಕಲಬುರಗಿ ಜಿಲ್ಲೆಯ ಎರೆಮಣ್ಣಿನ ಸೇಡಂ, ಚಿತ್ತಾಪುರಗಳ ಅಂಗಡಿಗಳಲ್ಲಿ ಸಿಗುವ ಪುಸ್ತಕಗಳಲ್ಲಿ ಅವರೆಲ್ಲರಿಗೂ ಒಂದೇ ಡಬ್ಬಿಯ ಬಣ್ಣ.

ರಾಜಕುಮಾರಿಯನ್ನು ಕಪ್ಪಗೆ ಬರೆಯುವುದು ಉಪಕಾರವೆಂದು ತಿಳಿದ ಚಿತ್ರಕಾರ ಕುಂಚ ಕೆಳಗಿಡುವುದು ವಾಸಿ. ಕಪ್ಪು ಹುಡುಗಿ ಚಿತ್ರದಲ್ಲಿ ಇರಬೇಕಾದದ್ದು ಅವಳು ಊರಲ್ಲಿ ಇರುವುದರಿಂದ.

ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿಗೆ ಹಿಮದ ಕಥೆ ಯಾಕೆ ಎಂದು ಕೇಳುವವರಿದ್ದಾರೆ. ಹಿಮ ಕಂಡವರಿಗೆ ಅದು ಬರೀ ಹವಾಮಾನ. ಕಾಣದವರಿಗೇ ಅದು ಕಥೆ.

ಸಿಮೆಂಟು ಕಾರ್ಖಾನೆಯ ಊರಾದ ವಾಡಿಯ ಮಗು ಎಲೆಗಳ ಮೇಲೆ ಬಿಳಿ ಪುಡಿ ಕೂತಿರುವುದನ್ನು ನೋಡಿದೆ. ಹಿಮದ ಚಿತ್ರ ತೋರಿಸಿದರೆ ಅದಕ್ಕೆ ಮೊದಲು ನೆನಪಾಗುವುದು ಸಿಮೆಂಟಿನ ಧೂಳು. ತಿದ್ದಲು ಹೋಗಬೇಡಿ. ಇದು ತಣ್ಣಗಿರುತ್ತದೆ, ಕೈಯಲ್ಲಿ ಹಿಡಿದರೆ ನೀರಾಗುತ್ತದೆ, ಕೆಮ್ಮು ತರುವುದಿಲ್ಲ ಎಂದಷ್ಟೇ ಹೇಳಿ. ಉಳಿದ ಆಸೆಯನ್ನು ಮಗುವೇ ಪಡುತ್ತದೆ.

ನಮ್ಮ ಕಡೆ ಕಥೆಗೆ ಮೊದಲು ಒಂದು ಕರಾರು ಇರುತ್ತದೆ: 'ಹೂಂ ಅನಬೇಕು ನೋಡು, ಇಲ್ಲಂದ್ರ ನಾ ಹೇಳಂಗಿಲ್ಲ.' ಹೂಂಗುಟ್ಟುವ ದನಿ ತೆಳ್ಳಗಾದರೆ ಆಯಿ ಕಥೆಯನ್ನು ಗಿಡ್ಡ ಮಾಡುತ್ತಾಳೆ. ಚುರುಕಾದರೆ ಇನ್ನೊಬ್ಬ ರಾಕ್ಷಸನನ್ನು ಕರೆತರುತ್ತಾಳೆ. ಪುಸ್ತಕದಲ್ಲಿ ಹೂಂ ಅನ್ನುವುದು ಪುಟ ತಿರುವುವ ಬೆರಳು.

ಮೊಬೈಲಿನ ಕಥೆ ಯಾರ ಹೂಂಗೂ ಕಾಯುವುದಿಲ್ಲ.

ನಿಂತ ಚಿತ್ರದ ಬೆಲೆ ನಮಗೆ ಈಗ ತಿಳಿಯುತ್ತಿದೆ. ಮಗು ನೋಡಿ ಮುಗಿಸುವವರೆಗೂ ಅದರೊಳಗಿನ ತೋಳ ಎತ್ತಿದ ಕಾಲನ್ನು ಇಳಿಸುವುದಿಲ್ಲ.

ಉರ್ದು ಮಾತಾಡುವ ಮನೆಗಳಲ್ಲಿ ಹಗಲು ಹೊತ್ತು ಕಥೆ ಹೇಳಬಾರದು ಎನ್ನುತ್ತಾರೆ. ಹೇಳಿದರೆ ಎಲ್ಲೋ ಒಬ್ಬ ಮುಸಾಫಿರ ದಾರಿ ತಪ್ಪುತ್ತಾನಂತೆ. ಸೊಲ್ಲಾಪುರ, ರಾಯಚೂರು, ಹೈದರಾಬಾದ್ ಮೂರೂ ಕಡೆಯ ರೈಲು ಕೂಡುವ ವಾಡಿ ಜಂಕ್ಷನ್ನಿನಲ್ಲಿ ಈ ಮಾತನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಚಿತ್ರದ ಪುಸ್ತಕ ಮಾತ್ರ ಈ ಕಟ್ಟಳೆಗೆ ಹೊರತು. ಅದಕ್ಕೆ ಬೆಳಕೇ ಬೇಕು.

* * *

ಸಿಂಡರೆಲ್ಲಾ ವಿದೇಶದವಳು ಎನ್ನುವವರು ಯಾವ ದೇಶದವಳೆಂದೂ ಹೇಳಬೇಕು. ಫ್ರಾನ್ಸಿನ ಶಾರ್ಲ್ ಪೆರೋ ಅವಳ ಕಥೆಯನ್ನು ಅಚ್ಚು ಹಾಕಿಸಿದ್ದು 1697ರಲ್ಲಿ. ಅದಕ್ಕಿಂತ ಎಂಟು ನೂರು ವರ್ಷಕ್ಕೂ ಹಿಂದೆ ಚೀನದ ದುವಾನ್ ಚೆಂಗ್‌ಶಿ ಅಂಥದೇ ಹುಡುಗಿಯ ಕಥೆ ಬರೆದಿಟ್ಟಿದ್ದ. ಅಲ್ಲಿ ಹುಡುಗಿಯ ನೆರವಿಗೆ ಬರುವುದು ಮೀನಿನ ಮೂಳೆಗಳು. ಅದೇ ಒಂಬತ್ತನೆಯ ಶತಮಾನದಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅಲ್ಲಿ ಚಿನ್ನದ ಪಾದರಕ್ಷೆ, ಇಲ್ಲಿ ಕಾಗಿಣಾ ದಂಡೆಯ ಮೇಲೆ ಕವಿರಾಜಮಾರ್ಗ.

ನಮ್ಮ ಸಿಂಡರೆಲ್ಲಾಳ ಹೆಸರು ಹಂಚಿ. ಬೆಳಗಾವಿಯಲ್ಲಿ ಮೇಷ್ಟರಾಗಿದ್ದ ಕಾಲದಲ್ಲಿ ಎ. ಕೆ. ರಾಮಾನುಜನ್ ಆ ಕಡೆಯ ಹೆಂಗಸರ ಬಾಯಿಂದ ಕೇಳಿ ಇಂಥ ಕಥೆಗಳನ್ನು ಬರೆದುಕೊಂಡರು. ಚಿನ್ನದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಡುತ್ತಾಳೆ, ಕಂಡವರ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ.

ಗಾಜಿನ ಬೂಟು ಹುಡುಗಿಯ ಕಾಲನ್ನು ಅಳೆಯುತ್ತದೆ. ಮಣ್ಣಿನ ಮುಖವಾಡ ಊರಿನ ಕಣ್ಣನ್ನು ಅಳೆಯುತ್ತದೆ.

ಹಂಚಿಯ ಚಿತ್ರ ಬರೆಯುವವರಿಗೆ ಒಂದೇ ಪ್ರಶ್ನೆ, ಆದರೆ ಗಟ್ಟಿ ಪ್ರಶ್ನೆ: ಮುಖವಾಡವನ್ನು ಯಾವ ಪುಟದಲ್ಲಿ ತೆಗೆಯಬೇಕು? ಮಾರಾಟದ ಆಸೆಗೆ ರಕ್ಷಾಪುಟದಲ್ಲೇ ತೆಗೆದುಬಿಟ್ಟರೆ ಒಳಗೆ ಓದಲು ಏನೂ ಉಳಿಯುವುದಿಲ್ಲ.

ಇಂಗ್ಲಿಷ್ ಕವಿ ಬ್ರೌನಿಂಗನ ಪದ್ಯದ ಹ್ಯಾಮೆಲಿನ್ ಪಟ್ಟಣವನ್ನು ಕುವೆಂಪು ಬೊಮ್ಮನಹಳ್ಳಿ ಮಾಡಿದರು. ಊರ ಹೆಸರು ಬದಲಿಸುವುದು ಯಾರಿಗೂ ಬರುತ್ತದೆ. ಇಲಿಗಳ ಕಿಚಿಪಿಚಿ, ಗೌಡನ ಪೇಚಾಟ, ಜೋಗಿಯ ನಡಿಗೆ ಎಲ್ಲವೂ ಕನ್ನಡದ ಕಿವಿಗೆ ಕೇಳುವ ಹಾಗೆ ಮಾಡುವುದಕ್ಕೆ ಕವಿ ಬೇಕು. ಪಂಜೆ ಮಂಗೇಶರಾಯರ ಮೂರು ಕರಡಿಗಳೂ ಹಾಗೆಯೇ ಬಂದು ನಮ್ಮವಾದವು.

ಇಳಕಲ್ ಸೀರೆ ಉಡಿಸಿದ ಮಾತ್ರಕ್ಕೆ ಸಿಂಡರೆಲ್ಲಾ ನಮ್ಮವಳಾಗುವುದಿಲ್ಲ. ಅವಳು ಒಲೆಯ ಮುಂದೆ ಕೂತು ಬೂದಿ ಬಳಿಯುವ ರೀತಿ ನಮ್ಮದಾಗಬೇಕು. ಸೀರೆ ಬರೆಯುವುದು ಸುಲಭ, ಕೂರುವ ರೀತಿ ಕಷ್ಟ.

ಅಮರ ಚಿತ್ರಕಥೆಯೆಂದರೆ ಕೃಷ್ಣ, ಶಕುಂತಲೆ, ಶಿವಾಜಿ ಎಂದೇ ಎಲ್ಲರ ನಂಬಿಕೆ. ಆದರೆ ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಸಿಂಡರೆಲ್ಲಾ, ಸ್ನೋವೈಟ್, ಜ್ಯಾಕ್, ಕೆಂಪು ಟೊಪ್ಪಿಗೆಯವಳು ಮುಂತಾದ ಪಶ್ಚಿಮದ ಕಥೆಗಳು. ಅವು ಅಚ್ಚಾದದ್ದು ಕನ್ನಡದಲ್ಲಿ, 1965ರಲ್ಲಿ. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಪುಸ್ತಕ ಮಾರುತ್ತಿದ್ದ ಜಿ. ಕೆ. ಅನಂತರಾಮ್ ಅವರ ತಲೆಯಲ್ಲಿ ಹೊಳೆದ ಯೋಚನೆ ಅದು. ಕನ್ನಡದಲ್ಲಿ ಚೆನ್ನಾಗಿ ಮಾರಾಟವಾಯಿತೆಂದೇ ಮುಂಬೈಯವರು ಮುಂದುವರಿದರು, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಬಂದರು, ಹನ್ನೊಂದನೆಯ ಸಂಖ್ಯೆಗೆ ಕೃಷ್ಣ ಬಂದ. ಇಂಗ್ಲಿಷ್ ಮಾಲೆ ಹನ್ನೊಂದರಿಂದ ಎಣಿಕೆ ಶುರು ಮಾಡಿದ್ದು ಇದೇ ಕಾರಣಕ್ಕೆ. ದೇಶದ ಮಕ್ಕಳಿಗೆ ದೇಶದ ಕಥೆ ಕೊಟ್ಟ ಮಾಲೆಗೆ ದಾರಿ ಬಿಟ್ಟುಕೊಟ್ಟವಳು ಕನ್ನಡ ಕಲಿತ ಸಿಂಡರೆಲ್ಲಾ ಎಂಬುದನ್ನು ನಾವು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳುವಂಥ ವಿಷಯವನ್ನು ಮರೆಯುವುದರಲ್ಲಿ ಕನ್ನಡಿಗರ ಕೈ ಹಿಡಿಯುವವರಿಲ್ಲ.

ಸೆಪ್ಟೆಂಬರ್ 17, 1948ರಂದು ನಮ್ಮ ಕಡೆ ಹೈದರಾಬಾದ್ ನಿಜಾಮರ ಆಳ್ವಿಕೆ ಮುಗಿಯಿತು. ಜುಲೈ 1949ರಲ್ಲಿ ಕನ್ನಡ ಚಂದಮಾಮ ಶುರುವಾಯಿತು. ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಉರ್ದುವಿನಲ್ಲಿ ಅಕ್ಷರ ಕಲಿತ ಅಪ್ಪಂದಿರ ಮಕ್ಕಳು ಕನ್ನಡ ಶಾಲೆಗೆ ಹೋಗತೊಡಗಿದ ಹೊತ್ತಿಗೆ ಓದುವ ಆಸೆ ಹುಟ್ಟಿಸುವ ಬಣ್ಣದ ಪತ್ರಿಕೆಯೊಂದು ಸಿದ್ಧವಾಗಿತ್ತು. ಸರ್ಕಾರಗಳು ಇಂಥ ಹೊಂದಾಣಿಕೆಯನ್ನು ಯೋಜನೆ ಹಾಕಿ ಮಾಡಲಾರವು.

ಚಂದಮಾಮದ ವಿಕ್ರಮನ ಕಥೆ ತಿಂಗಳು ತಿಂಗಳೂ ಹೊಸದಾಗಿರುತ್ತಿತ್ತು, ತಲೆಚಿತ್ರ ಅದೇ ಇರುತ್ತಿತ್ತು: ಒರೆಯಿಂದ ತೆಗೆದ ಕತ್ತಿ, ಹೆಗಲ ಮೇಲೆ ಶವ. ಶಂಕರ್ ಬರೆದ ಆ ರಾಜನ ಬೆನ್ನು ಬಾಗಲೇ ಇಲ್ಲ. ಒಂದೇ ಚಿತ್ರದ ಕೆಳಗೆ ನೂರು ಕಥೆ ನಿಲ್ಲಬಲ್ಲದೆಂದು ಮಕ್ಕಳು ಅಲ್ಲಿ ಕಲಿತರು.

ಎಂ. ಟಿ. ವಿ. ಆಚಾರ್ಯರು ಚಂದಮಾಮಕ್ಕೆ ಬರೆದ ರಕ್ಷಾಪುಟಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದ ಮನೆಗಳಿದ್ದವು. ಪತ್ರಿಕೆ ರದ್ದಿಗೆ ಹೋಗುತ್ತಿತ್ತು, ಚಿತ್ರ ಸುಣ್ಣ ಬಳಿಯುವವರೆಗೂ ಇರುತ್ತಿತ್ತು.

ಗೋಡೆಯ ಮಾತು ಬಂತು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ ಮುಂಬೈಯಲ್ಲಿ ಸಿನಿಮಾದ ಪೋಸ್ಟರು ಬರೆದರು, ಪುರಾಣದ ಕ್ಯಾಲೆಂಡರು ಬರೆದರು. ಪುಸ್ತಕ ಇಲ್ಲದ ಮನೆಗಳಲ್ಲೂ ಕ್ಯಾಲೆಂಡರು ಇತ್ತು. ಕಿರಾಣಿ ಅಂಗಡಿಯ ಮೊಳೆಗೆ ತೂಗಿದ ನಳ ದಮಯಂತಿಯರ ಕೆಳಗೆ ನಿಂತು, ಸಕ್ಕರೆ ತೂಗುವವರೆಗೆ ತಲೆ ಎತ್ತಿ ನೋಡಿದ ಮಕ್ಕಳಿಗೆ ಚಿತ್ರಕಥೆಯ ಮೊದಲ ಪಾಠ ಆಗಿಹೋಗುತ್ತಿತ್ತು, ಪುಕ್ಕಟೆಯಾಗಿ.

ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಹೊರತಂದ ಪುಸ್ತಕದಲ್ಲಿ ಚಿತ್ರಗಳೇ ಇರಲಿಲ್ಲ. ಅದು ವಿದ್ವಾಂಸರ ಟಿಪ್ಪಣಿ ಹೊತ್ತ ಪುಸ್ತಕ. 1823ರಲ್ಲಿ ಲಂಡನ್ನಿನವರು ಕ್ರೂಕ್‌ಶ್ಯಾಂಕ್ ಕೈಯಲ್ಲಿ ನಗೆ ಉಕ್ಕುವ ಚಿತ್ರ ಬರೆಸಿ ಇಂಗ್ಲಿಷಿಗೆ ತಂದರು. ಜನ ಮುಗಿಬಿದ್ದು ಕೊಂಡರು. ಅದನ್ನು ನೋಡಿಯೇ 1825ರಲ್ಲಿ ಗ್ರಿಮ್ಮರು ಐವತ್ತು ಕಥೆಗಳನ್ನು ಆರಿಸಿ, ತಮ್ಮನಿಂದಲೇ ಚಿತ್ರ ಬರೆಸಿ ಸಣ್ಣ ಪುಸ್ತಕ ಮಾಡಿದರು. ಕಥೆಯನ್ನು ಪಂಡಿತರ ಮೇಜಿನಿಂದ ಇಳಿಸಿ ಮಕ್ಕಳ ಮಡಿಲಿಗೆ ಹಾಕಿದ್ದು ಚಿತ್ರ.

* * *

ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿ ಧಾಮ. ಅಲ್ಲಿ ತೋಳ ಇದೆ, ಕತ್ತೆಕಿರುಬವೂ ಇದೆ. ಕುರಿ ಕಾಯುವವರ ಮಗುವಿಗೆ ತೋಳ ಗೊತ್ತು: ಬಡಕಲು ಮೈ, ಉದ್ದ ಕಾಲು, ಕಂಡೂ ಕಾಣದ ಹಾಗೆ ಸರಿದು ಹೋಗುವ ಪ್ರಾಣಿ. ಪುಸ್ತಕದ ತೋಳ ಕೊಬ್ಬಿದೆ, ಅಂಗಿ ತೊಟ್ಟಿದೆ, ಎರಡು ಕಾಲಲ್ಲಿ ನಿಂತಿದೆ. ಆ ಮಗು ಅದನ್ನು ನೋಡಿ ಹೆದರುವುದಿಲ್ಲ, ಗುರುತು ಹಿಡಿಯುವುದೂ ಇಲ್ಲ.

ಪೆರೋನ ಕಥೆಯಲ್ಲಿ ಕೆಂಪು ಟೊಪ್ಪಿಗೆಯ ಹುಡುಗಿಯನ್ನು ತೋಳ ತಿನ್ನುತ್ತದೆ, ಕಥೆ ಮುಗಿಯುತ್ತದೆ. ಬೇಟೆಗಾರ ಬಂದು ಹೊಟ್ಟೆ ಸೀಳುವುದು ಗ್ರಿಮ್ಮರಲ್ಲಿ. ಗ್ರಿಮ್ಮರ ನಂತರ ಗುಸ್ತಾವ್ ಡೋರೆ ಎಂಬ ಫ್ರೆಂಚ್ ಚಿತ್ರಕಾರ ಒಂದು ಚಿತ್ರ ಬರೆದ: ಹಾಸಿಗೆಯಲ್ಲಿ ಅಜ್ಜಿಯ ಟೊಪ್ಪಿಗೆ ತೊಟ್ಟ ತೋಳ, ಪಕ್ಕದಲ್ಲಿ ಹೊದಿಕೆ ಎಳೆದುಕೊಂಡ ಹುಡುಗಿ. ಅವಳ ಕಣ್ಣಿಗೆ ಎಲ್ಲ ತಿಳಿದಿದೆ, ಕಾಲಿಗೆ ಇನ್ನೂ ತಿಳಿದಿಲ್ಲ. ಹುಡುಗಿಯರಿಗೆ ಹೇಳಬೇಕಾದ, ಹೇಳಲು ದೊಡ್ಡವರಿಗೆ ಬಾಯಿ ಬಾರದ ಮಾತನ್ನು ಆ ಚಿತ್ರ ಹೇಳುತ್ತದೆ. ಈಗಿನ ಪುಸ್ತಕಗಳಲ್ಲಿ ತೋಳ ಕಡೆಗೆ ಕ್ಷಮೆ ಕೇಳಿ ಚಹಾ ಕುಡಿಯುತ್ತದೆ. ಯಾರ ಸುಖಕ್ಕೆ?

ಹೆದರಿಸುವ ಚಿತ್ರವನ್ನು ಮಗು ಮುಚ್ಚಿಡಬಲ್ಲದು, ಧೈರ್ಯ ಬಂದ ದಿನ ತೆರೆಯಬಲ್ಲದು. ಸಿಹಿ ಸವರಿದ ಚಿತ್ರಕ್ಕೆ ಅಂಥ ಎರಡನೆಯ ದಿನ ಇಲ್ಲ.

ಹುಲ್ಲಿನ ಮನೆ ಕಟ್ಟಿದ ಹಂದಿ ಸೋಮಾರಿ, ಇಟ್ಟಿಗೆಯ ಮನೆ ಕಟ್ಟಿದ ಹಂದಿ ಜಾಣ ಎನ್ನುತ್ತದೆ ಮೂರು ಹಂದಿಮರಿಗಳ ಕಥೆ. ಇದನ್ನು ಗುಡಿಸಲಲ್ಲಿ ಕೂತು ಕೇಳುವ ಮಗು ಏನೆಂದುಕೊಳ್ಳಬೇಕು? ಪರ್ಸಿ ಕಲ್ಲು ಒಡೆಯುವವನ ತಲೆಯ ಮೇಲೆ ತಗಡು, ಸಿಮೆಂಟು ಹೊರುವವನ ಮನೆಗೆ ಮಣ್ಣಿನ ಗೋಡೆ. ಸೋಮಾರಿತನಕ್ಕೂ ಹುಲ್ಲಿಗೂ ಸಂಬಂಧವಿಲ್ಲವೆಂದು ನಮ್ಮ ಊರುಗಳಿಗಿಂತ ಚೆನ್ನಾಗಿ ಬಲ್ಲವರು ಯಾರು.

ಹಾಲು ಕೊಡದ ಹಸುವನ್ನು ಐದು ಕಾಳಿಗೆ ಮಾರಿದ ಜ್ಯಾಕನ ಕಥೆಗೆ ಸೇಡಂನಲ್ಲಿ ಮೊದಲು ಏಳುವ ಪ್ರಶ್ನೆ ಮಾಯದ್ದಲ್ಲ, ಧಾರಣೆಯದು. ಅಡತಿ ಅಂಗಡಿಯವರೂ ಇಷ್ಟು ಕೆ​ಳಗೆ ಇಳಿಯಲಾರರು.

ಜ್ಯಾಕನ ಬಳ್ಳಿಯನ್ನು ತೊಗರಿ ಗಿಡ ಮಾಡಬೇಡಿ. ತೊಗರಿ ನಮ್ಮದು, 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿತು. ಆದರೆ ಅದು ಆಕಾಶಕ್ಕೆ ಹೋಗುವ ಪೈಕಿಯದಲ್ಲ. ಸ್ಥಳೀಯತೆಯ ಹಟಕ್ಕೆ ಬಿದ್ದು ಕಥೆಯ ಏಣಿ ಮುರಿಯಬಾರದು.

ಹ್ಯಾನ್ಸೆಲ್, ಗ್ರೆಟೆಲ್‌ರ ಕಥೆ ಹಸಿವಿನಿಂದ ಶುರುವಾಗುತ್ತದೆ. ಕಟ್ಟಿಗೆ ಕಡಿಯುವವನ ಮನೆಯಲ್ಲಿ ರೊಟ್ಟಿ ತೀರಿದೆ. ಮಕ್ಕಳನ್ನು ಕಾಡಿನಲ್ಲಿ ಬಿಟ್ಟು ಬರೋಣ ಎಂದು ದೊಡ್ಡವರು ರಾತ್ರಿ ಪಿಸುಗುಡುವುದನ್ನು ಮಕ್ಕಳು ಹಸಿದ ಹೊಟ್ಟೆಯಲ್ಲಿ ಎಚ್ಚರಿದ್ದು ಕೇಳಿಸಿಕೊಳ್ಳುತ್ತಾರೆ. ಆದರೆ ರಕ್ಷಾಪುಟದಲ್ಲಿ ಯಾವತ್ತೂ ಮಿಠಾಯಿಯ ಮನೆ. ಖಾಲಿ ರೊಟ್ಟಿಬುಟ್ಟಿಯನ್ನು ರಕ್ಷಾಪುಟಕ್ಕೆ ತಂದ ಕನ್ನಡ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಮಳೆ ಕೈಕೊಟ್ಟ ವರ್ಷ ಚಿಂಚೋಳಿಯ ತಾಂಡಾಗಳಿಂದ, ಸೇಡಂ, ಚಿತ್ತಾಪುರದ ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳಲ್ಲೂ ರಾತ್ರಿ ಇಂಥದೇ ಮಾತು ನಡೆಯುತ್ತದೆ: ಮಕ್ಕಳನ್ನು ಕರೆದುಕೊಂಡು ಹೋಗುವುದೋ, ಮುತ್ಯಾನ ಹತ್ತಿರ ಬಿಡುವುದೋ. ಗೋಡೆಯ ಆಚೆ ಮಲಗಿದವರು ನಿದ್ದೆ ಮಾಡಿರುವುದಿಲ್ಲ. ಆ ಮಕ್ಕಳಿಗೆ ಈ ಕಥೆಯ ಮಾಟಗಾತಿ ಮುಖ್ಯಳಲ್ಲ. ತಿರುಗಿ ಬರುವ ದಾರಿ ತಪ್ಪದಿರಲೆಂದು ಜೇಬಿನಿಂದ ಬಿಳಿ ಹರಳು ಉದುರಿಸುತ್ತ ನಡೆಯುವ ಹುಡುಗನೇ ಮುಖ್ಯ. ಅವನನ್ನು ದೊಡ್ಡದಾಗಿ ಬರೆಯಿರಿ, ಎರಡು ಪುಟ ತುಂಬ.

ಮಕ್ಕಳನ್ನು ಬಿಟ್ಟುಬರೋಣ ಎನ್ನುವವಳು 1812ರ ಆವೃತ್ತಿಯಲ್ಲಿ ಹೆತ್ತ ತಾಯಿ. ಮುಂದೆ ಗ್ರಿಮ್ಮರೇ ಅವಳನ್ನು ತಿದ್ದಿ ಮಲತಾಯಿ ಮಾಡಿದರು. ತಾಯಂದಿರ ಮಾನ ಉಳಿಯಿತು, ಲೋಕದ ಮಲತಾಯಂದಿರ ಮಾನ ಹೋಯಿತು.

ತರಗತಿಯಲ್ಲಿ ಈ ಕಥೆ ಓದುವ ಅಕ್ಕೋರು ಮೊದಲು ಒಂದು ಸುತ್ತು ಎಲ್ಲರ ಮುಖ ನೋಡಬೇಕು. ಚಿಕ್ಕವ್ವನ ಕೈತುತ್ತು ಉಂಡು ಬಂದ ಮಗು ಗೋಡೆಯ ಪಕ್ಕ ಕೂತಿರಬಹುದು.

ಚಿತ್ರಗಳ ಅರಮನೆಗೆ ಚೂಪು ಗೋಪುರ, ಇಳಿಜಾರು ಮಾಡು. ಅದು ಹಿಮ ಜಾರಿಹೋಗಲಿ ಎಂದು ಕಟ್ಟಿದ್ದು. ಮಳಖೇಡದ ಕೋಟೆಯ ಗೋಡೆಯ ಪಕ್ಕ ಆಡು ಮೇಯಿಸುವ ಹುಡುಗನಿಗೆ ಅರಮನೆ ಎಂದರೇನೆಂದು ಜರ್ಮನಿಯವರು ಹೇಳಿಕೊಡಬೇಕಾಗಿದೆ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ರಾಜಕುಮಾರನನ್ನು ಯಾರಾದರೂ ಬರೆಯಲಿ. ಚುಕ್ಕಿ ಎಣಿಸುವ ರಾಜಕುಮಾರ ಮೊದಲೇ ಅರ್ಧ ಕಥೆ.

ಆಂಡರ್ಸನ್ 1837ರಲ್ಲಿ ಮತ್ಸ್ಯಕನ್ಯೆಯ ಕಥೆ ಬರೆದ. ಶಹಾಬಾದಿನ ಮಗು ಸಮುದ್ರ ಎಲ್ಲಿದೆ ಎಂದು ಕೇಳಿದರೆ, ಕಾಲ ಕೆಳಗೆ ನೋಡು ಎನ್ನಬಹುದು. ಮನೆಮನೆಗೆ ಹಾಸಿರುವ ಪರ್ಸಿ ಸುಣ್ಣದ ಕಲ್ಲು. ಮೀನುಗಳು ಹುಟ್ಟುವುದಕ್ಕೂ ಮೊದಲು ಇಲ್ಲಿ ನಿಂತಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಬರಗಾಲದ ನಾಡು ಸಮುದ್ರದ ನೆಲದ ಮೇಲೆ ಮಲಗುತ್ತದೆ. ಇದಕ್ಕಿಂತ ವಿಚಿತ್ರವಾದದ್ದನ್ನು ಆಂಡರ್ಸನ್ ಕೂಡ ಕಟ್ಟಲಿಲ್ಲ.

ಅದೇ ಪರ್ಸಿ ನಮ್ಮ ಮಕ್ಕಳ ಮೊದಲ ಚಿತ್ರಪುಸ್ತಕ. ಸುಣ್ಣದ ಕಡ್ಡಿಯಿಂದ ಬರೆದ ರಾಜಕುಮಾರಿಗೆ ಎರಡು ಜಡೆ, ಕೈಯಲ್ಲಿ ಕೊಡ. ಸಂಜೆ ಅವ್ವ ಅಂಗಳ ತೊಳೆಯುತ್ತಾಳೆ, ಬೆಳಿಗ್ಗೆ ಹೊಸ ಆವೃತ್ತಿ.

* * *

ಬಣ್ಣದ ಪುಸ್ತಕ ಅಗ್ಗವಾಗುವುದು ಹೀಗೆ: ಚಿತ್ರದ ಮೂರು ಬಣ್ಣದ ಪ್ಲೇಟುಗಳು ಎಲ್ಲ ಭಾಷೆಗೂ ಒಂದೇ, ಅಕ್ಷರಗಳ ಕಪ್ಪು ಪ್ಲೇಟು ಮಾತ್ರ ಭಾಷೆಗೊಂದು. ರಷ್ಯದ ಪುಸ್ತಕಗಳು ಹಾಗೆ ಬಂದವು, ದಿಲ್ಲಿಯ ಪುಸ್ತಕಗಳೂ ಹಾಗೇ ಬರುತ್ತವೆ. ತಪ್ಪೆನ್ನಲಾರೆ, ಇಲ್ಲದಿದ್ದರೆ ನಮ್ಮ ಕೈಗೆಟುಕುವ ಬೆಲೆಗೆ ಬರುತ್ತಲೇ ಇರಲಿಲ್ಲ. ಆದರೆ ಇಂಥ ಪುಸ್ತಕದಲ್ಲಿ ಕನ್ನಡಕ್ಕೆ ಸಿಗುವುದು ಕಪ್ಪು ಪ್ಲೇಟು ಒಂದೇ. ಕೆಂಪು, ನೀಲಿ, ಹಳದಿಯಲ್ಲಿ ಅದಕ್ಕೆ ಪಾಲಿಲ್ಲ.

ಇಂಗ್ಲಿಷಿಗೆಂದು ಬಿಟ್ಟ ಜಾಗದಲ್ಲಿ ಒತ್ತಕ್ಷರಗಳು ಹಿಡಿಸುವುದಿಲ್ಲ. ಅಕ್ಷರವನ್ನು ಕಿರಿದು ಮಾಡುತ್ತಾರೆ, ಸಾಲುಗಳನ್ನು ಒತ್ತುತ್ತಾರೆ. ದೊಡ್ಡ ಚಿತ್ರದ ಮೂಲೆಯಲ್ಲಿ ಕನ್ನಡ ಜನರಲ್ ಡಬ್ಬಿಯ ಪ್ರಯಾಣಿಕನ ಹಾಗೆ ಒಂಟಿ ಕಾಲಲ್ಲಿ ನಿಂತಿರುತ್ತದೆ.

ಅನುವಾದಕನಿಗೆ ಪುಟ ಲೆಕ್ಕ, ಚಿತ್ರಕಾರನಿಗೆ ಚಿತ್ರ ಲೆಕ್ಕ. ಇಬ್ಬರೂ ಒಂದು ದಿನ ಒಟ್ಟಿಗೆ ಕೂತು ಚಹಾ ಕುಡಿದಿದ್ದರೆ ಎಷ್ಟೋ ಪುಸ್ತಕಗಳು ಬದುಕುತ್ತಿದ್ದವು.

ಚಿತ್ರದಲ್ಲಿ ಕಾಣುವುದನ್ನೇ ಕೆಳಗೆ ಬರೆಯುವ ಪುಸ್ತಕ ಮಗುವನ್ನು ಕುರುಡೆಂದು ತಿಳಿದಿದೆ. ಚಿತ್ರದಲ್ಲಿ ಇಲ್ಲದ್ದನ್ನು ಬರೆಯಿರಿ: ಆ ಅರಮನೆಯ ವಾಸನೆ ಹೇಗಿತ್ತು, ರಾಜಕುಮಾರಿಗೆ ಎಲ್ಲಿ ತುರಿಸುತ್ತಿತ್ತು.

ಬೆಂಗಳೂರಿನ ಪ್ರಥಮ್ ಬುಕ್ಸ್‌ನಂಥವರು ಅಗ್ಗದ ಬೆಲೆಗೆ ಕನ್ನಡದಲ್ಲಿ ಹೊಸ ಚಿತ್ರಪುಸ್ತಕ ತಂದಿದ್ದಾರೆ. ಇದು ಆಗಿದೆ, ಒಳ್ಳೆಯದಾಗಿದೆ. ಅವುಗಳಲ್ಲಿ ಭೀಮಾ, ಕಾಗಿಣಾ, ಮುಲ್ಲಾಮಾರಿ ದಂಡೆಯ ಊರುಗಳು ಎಷ್ಟು ಎಂದು ಹುಡುಕಲು ಹೊರಟರೆ ಮಾತ್ರ ಬೆರಳು ಬಿಡಿಸುವ ಕೆಲಸ ಬೀಳುವುದಿಲ್ಲ.

* * *

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಡು ಕುಸಿಯಿತು. ದೇವಿಯ ಪೀಠ ಮಾಡಿಕೊಂಡಿದ್ದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ. ಅಲ್ಲಿಂದ ಹುಡುಕಾಟ ಬಲವಾಯಿತು. 1990ರ ದಶಕದಲ್ಲಿ ಪುರಾತತ್ವದವರು ಪಕ್ಕದ ಕನಗನಹಳ್ಳಿಯಲ್ಲಿ ಅಗೆದರು; ಶಾತವಾಹನರ ಕಾಲದ ಮಹಾಸ್ತೂಪ ಹೊರಬಂತು. ಸುಣ್ಣಕಲ್ಲಿನ ದೊಡ್ಡ ದೊಡ್ಡ ಹಾಸುಗಳು, ಅವುಗಳ ಮೇಲೆ ಬುದ್ಧನ ಬದುಕು, ಜಾತಕದ ಕಥೆಗಳು. ಕೆಳಗೆ ಬ್ರಾಹ್ಮಿ ಲಿಪಿಯಲ್ಲಿ ಸಣ್ಣ ಸಣ್ಣ ಬರಹ: ಇದು ಇಂಥ ಕಥೆ, ಇವನು ಇಂಥವನು. ಒಂದು ಹಾಸಿನಲ್ಲಿ ರಾಣಿ, ಸೇವಕಿಯರ ನಡುವೆ ಒಬ್ಬ ರಾಜ; ಕೆಳಗೆ 'ರಾಯೋ ಅಸೋಕೋ' ಎಂದಿದೆ. ಆ ಎರಡು ಮಾತು ಕೆತ್ತದಿದ್ದರೆ ಅವನು ಯಾರೋ ಒಬ್ಬ ರಾಜನಾಗಿ ಉಳಿಯುತ್ತಿದ್ದ.

ಮೇಲೆ ಚಿತ್ರ, ಕೆಳಗೆ ಒಂದು ಸಾಲು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಭೀಮಾ ದಂಡೆಯಲ್ಲಿ ಹಳೆಯ ಕಥೆಗಳನ್ನು ಮರಳಿ ಹೇಳಿದ ರೀತಿ ಇದು. ಓದು ಬರುವವರು ಓದಿದರು, ಬಾರದವರು ನೋಡಿದರು, ಎರಡೂ ಬಾರದ ಮಕ್ಕಳು ಅಮ್ಮನ ಸೊಂಟದ ಮೇಲೆ ಕೂತು ಆನೆಗೆ ಬೆರಳು ತೋರಿಸಿರಬೇಕು.

ಆ ಶಿಲ್ಪಿಗಳು ಜಾತಕದ ಆನೆ, ಹಂಸಗಳನ್ನು ಎಲ್ಲೋ ಗಂಗೆಯ ಬಯಲಿನಿಂದ ಬಂದ ಪರದೇಶಿಗಳೆಂದು ನೋಡಲಿಲ್ಲ. ತಮ್ಮ ಕಲ್ಲಿನಲ್ಲಿ ಕೆತ್ತಿದರು. ಅಷ್ಟೇ ಸಾಕಾಯಿತು.

ನಮ್ಮ ಕಥೆಗಳೂ ಸುಮ್ಮನೆ ಊರಲ್ಲಿ ಕೂರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರ ಅದಕ್ಕೂ ಎಷ್ಟೋ ಮೊದಲೇ ಪಾರಸಿಗೆ, ಅರಬ್ಬಿಗೆ ಹೋಗಿತ್ತು. ಅಲ್ಲಿಯ ಚಿತ್ರಕಾರರು ಅದರಲ್ಲಿನ ದಮನಕ ಎಂಬ ನರಿಯ ಬಾಲಕ್ಕೆ ಬಣ್ಣ ತುಂಬಿದರು. ಬಾಗ್ದಾದಿನ ನರಿಯನ್ನು ನೋಡಿ ಇದು ನಮ್ಮದಲ್ಲ ಎಂದು ಯಾವ ಅರಬ್ಬಿ ಮಗುವೂ ಪುಸ್ತಕ ಮುಚ್ಚಿರಲಾರದು.

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಒಂದು ಘಟಿಕಾಸ್ಥಾನವಿತ್ತು. 1058ರ ಶಾಸನ ಅಲ್ಲಿಯ ವಿದ್ಯಾರ್ಥಿಗಳನ್ನು ಎಣಿಸುತ್ತದೆ: ವೇದಕ್ಕೆ 200, ಶಾಸ್ತ್ರಕ್ಕೆ 52. ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಇನ್ನೂರ ಐವತ್ತೆರಡು ಓದುಗರಿಗೆ ಆರು ಗ್ರಂಥಪಾಲಕರು. ಈಗಿನ ಶಾಲೆಗಳ ಮುಂದೆ ಈ ಲೆಕ್ಕ ಹೇಳುವುದು ಮರ್ಯಾದೆಯಲ್ಲ.

ನಾನು ಕಂಡ ಒಂದು ಶಾಲೆಯಲ್ಲಿ ಚಿತ್ರದ ಪುಸ್ತಕಗಳೆಲ್ಲ ಹೊಸದಾಗಿಯೇ ಇದ್ದವು. ಕಪಾಟಿಗೆ ಬೀಗ, ಬೀಗದ ಕೈ ರಜೆಯ ಮೇಲೆ ಹೋದವರ ಜೇಬಿನಲ್ಲಿ. ಪುಸ್ತಕ ಹರಿದರೆ ಆಡಿಟಿನಲ್ಲಿ ಪ್ರಶ್ನೆ ಏಳುತ್ತದೆ. ಯಾರೂ ಓದದಿದ್ದರೆ ಯಾವ ಪ್ರಶ್ನೆಯೂ ಏಳುವುದಿಲ್ಲ.

ಹರಿಯದ ಮಕ್ಕಳ ಪುಸ್ತಕವನ್ನು ನಂಬಬೇಡಿ.

ಒಂದೇ ಬೆಂಚಿನಲ್ಲಿ ಕೂತ ನಾಲ್ವರ ಮನೆಮಾತು ನಾಲ್ಕು: ಕನ್ನಡ, ದಖ್ಖನಿ ಉರ್ದು, ತೆಲುಗು, ಲಂಬಾಣಿ. ಪಾಠ ಪುಸ್ತಕ ತೆರೆದಾಗ ಒಬ್ಬ ಮುಂದೆ ಹೋಗುತ್ತಾನೆ, ಮೂವರು ಹಿಂದೆ ಬೀಳುತ್ತಾರೆ. ಚಿತ್ರದ ಪುಸ್ತಕ ತೆರೆದಾಗ ನಾಲ್ಕೂ ತಲೆ ಒಂದೇ ಸಲ ಬಗ್ಗುತ್ತವೆ.

ತಾಂಡಾದ ಹುಡುಗಿ ಮಾಟಗಾತಿಯ ಕಥೆಯನ್ನು ಮೊದಲು ಲಂಬಾಣಿಯಲ್ಲಿ ಹೇಳಲಿ, ಆಮೇಲೆ ಕನ್ನಡಕ್ಕೆ ಬರಲಿ. ಅವಳ ಕನ್ನಡ ಆಗ ಭಯದಿಂದ ಬಂದಿರುವುದಿಲ್ಲ, ಹೇಳುವ ಅವಸರದಿಂದ ಬಂದಿರುತ್ತದೆ.

ಓದು ಬಾರದ ಅವ್ವ ಚಿತ್ರ ನೋಡಿ ತನ್ನದೇ ಕಥೆ ಹೇಳಿದಳು, ಮರುದಿನ ಶಾಲೆಯಲ್ಲಿ ಬೇರೆ ಕಥೆ ಕೇಳಿದ ಮಗು ಗೊಂದಲಕ್ಕೆ ಬಿತ್ತು ಎಂದು ದೂರುವವರಿದ್ದಾರೆ. ಆ ಮಗುವಿಗೆ ಒಂದು ಪುಸ್ತಕದ ಬೆಲೆಗೆ ಎರಡು ಸಿಕ್ಕವು.

ಇಂಗ್ಲಿಷ್ ಕಥೆಗಳು ಮುಗಿದಾಗ ಎಲ್ಲರೂ ಎಂದೆಂದಿಗೂ ಸುಖವಾಗಿರುತ್ತಾರೆ. ನಮ್ಮ ಕಡೆ ಹಾಗಲ್ಲ: ಅವರು ಅಲ್ಲಿ ಸುಖವಾಗಿದ್ದಾರ, ನಾವಿಲ್ಲಿ ಹಿಂಗಿದ್ದೀವಿ. ಕಡೆಯ ಪುಟದಲ್ಲಿ ರಾಜ ರಾಣಿಯರ ಜೊತೆಗೆ ಕಥೆ ಕೇಳಿದವರನ್ನೂ ಬರೆಯಬೇಕು. ಚಿಮಣಿ ಬುಡ್ಡಿ ಹೋಗಿ ಬಲ್ಬು ಬಂದಿದ್ದರೆ ಬಲ್ಬನ್ನೇ ಬರೆಯಿರಿ.

ಸರ್ಕಾರ 2020ರ ಮಕ್ಕಳ ದಿನದಂದು 'ಓದುವ ಬೆಳಕು' ಶುರು ಮಾಡಿತು. ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಗ್ರಂಥಾಲಯಗಳ ಹೆಸರು ಈಗ ಅರಿವು ಕೇಂದ್ರ. ಹೆಸರು ಏನೇ ಇರಲಿ, ಕೆಳಗಿನ ಅರೆಯಲ್ಲಿ, ಐದು ವರ್ಷದ ಕೈಗೆ ಎಟಕುವಲ್ಲಿ ಏನಿದೆ ಎಂಬುದೇ ಪ್ರಶ್ನೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ದಯಮಾಡಿ ಮೇಲಿನ ಅರೆಗೆ ಏರಿಸಿ. ಆ ಓದುಗರ ಕೈ ಉದ್ದವಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಮಾಸ್ತರರಲ್ಲಿ, ಅಕ್ಕೋರಲ್ಲಿ ಒಂದು ಕೋರಿಕೆ. ವರ್ಷದ ಪ್ರವಾಸ ಮೈಸೂರಿಗೆ ಹೋಗಲಿ, ಬೇಡವೆನ್ನುವುದಿಲ್ಲ. ಬೇರೆ ಒಂದು ದಿನ ಕನಗನಹಳ್ಳಿಗೂ ಬಸ್ಸು ಮಾಡಿ. ಕಲ್ಲಿನ ಚಿತ್ರಗಳ ಎದುರು ಮಕ್ಕಳನ್ನು ಕೂರಿಸಿ, ಹಾಳೆ ಮತ್ತು ಪೆನ್ಸಿಲ್ ಕೊಡಿ. ಕಥೆ ನೀವು ಹೇಳಬೇಡಿ. ಅವರು ನೋಡಿ ತಮಗೆ ತೋಚಿದ್ದನ್ನು ಬರೆಯಲಿ, ಕೆಳಗೆ ತಮ್ಮ ಮಾತಿನಲ್ಲಿ ಒಂದು ಸಾಲು ಹಾಕಲಿ. ಬಂದ ಮೇಲೆ ಆ ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿ, ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಡಿ. ಬೀಗ ಹಾಕದ ಕಪಾಟಿನಲ್ಲಿ ಇಡಲು ಹೇಳಿ.